ಹಿಲ್‌ಮನ್ ಫೋರ್‌ನ ಐದನೆಯವಳು

ಹಿಲ್‌ಮನ್ ಫೋರ್ ತಂಡದ ಆ ಆಲ್ಬಮ್‌ನಲ್ಲಿ ಹಾಡಿದವರು ಐದು ಜನ. ಐದನೆಯವಳು ನಾನು. ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ. ನಲವತ್ತಾರು ವರ್ಷ ಹೇಳದೆ ಇದ್ದದ್ದೇ ಸಾಕಾಗಿದೆ, ಆದ್ದರಿಂದ ಮೊದಲೇ ಹೇಳಿಬಿಟ್ಟೆ.

ಆ ಭಾನುವಾರ ಚರ್ಚಿನ ಆರಾಧನೆ ಮುಗಿಸಿಕೊಂಡು ಎಂದಿನಂತೆ ಒಡೆಸ್ಸಾಳ ಮನೆಗೆ ಊಟಕ್ಕೆ ಹೋಗಿದ್ದೆ. ಒಡೆಸ್ಸಾ ಟೀಗ್ ನನ್ನ ಗೆಳತಿ. ಯಂಗ್ಸ್‌ಟೌನ್ ಊರಿನ ದಕ್ಷಿಣ ಭಾಗದಲ್ಲಿ ಅವಳಂತೆ ಕೋಳಿ ಕರಿಯುವವರು ಇನ್ನೊಬ್ಬರಿಲ್ಲ. ಇದ್ದಾರೆ ಎನ್ನುವವರು ಅವಳ ಮನೆಯಲ್ಲಿ ಉಂಡಿಲ್ಲ, ಅಷ್ಟೆ. ಅವಳ ಗಂಡ ಲವಾನ್ ನಲವತ್ತು ವರ್ಷ ಕ್ಷೌರದಂಗಡಿ ನಡೆಸಿ ಈಗ ಮನೆಯಲ್ಲಿದ್ದಾನೆ. ಎಪ್ಪತ್ತಾದರೂ ಮೀಸೆಗೆ ಬಣ್ಣ ಹಚ್ಚುತ್ತಾನೆ. ಅಂದು ಅವರ ಮನೆಯಲ್ಲಿ ಇನ್ನೊಬ್ಬ ಅತಿಥಿ ಇದ್ದಳು, ಮಿನಿಯಾಪೊಲಿಸ್‌ನಿಂದ ಬಂದ ಕಾರಿನ್ ಹೆಡ್ಲಂಡ್. ನಲವತ್ತೈದರ ಬಿಳಿ ಹೆಂಗಸು. ಕಾಲರ್ಡ್ ಸೊಪ್ಪನ್ನು ಕೇಳಿ ಎರಡನೇ ಸಲ ಬಡಿಸಿಕೊಂಡದ್ದರಿಂದ ಒಡೆಸ್ಸಾ ಅವಳನ್ನು ತಕ್ಷಣ ಒಪ್ಪಿಕೊಂಡುಬಿಟ್ಟಿದ್ದಳು.

ಮರೆತುಹೋದ ಹಾಡುಗಳನ್ನು ಹುಡುಕಿ ಮತ್ತೆ ಹೊರತರುವ ಪುಟ್ಟ ಕಂಪನಿ ಕಾರಿನ್‌ಳದು. ಯಾರೋ ತೀರಿಕೊಂಡವರ ಮನೆಯ ಸಾಮಾನು ಮಾರಾಟಕ್ಕಿಟ್ಟಾಗ, ಕ್ರಿಸ್‌ಮಸ್ ಅಲಂಕಾರದ ಡಬ್ಬಿಯ ಅಡಿಯಲ್ಲಿ ಅವಳಿಗೆ ನಮ್ಮ ರೆಕಾರ್ಡು ಸಿಕ್ಕಿತ್ತು. ಅವಳು ಅದನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಕವರಿನ ಮೇಲೆ ತಿಳಿನೀಲಿ ಸೂಟು ತೊಟ್ಟ ನಾಲ್ಕು ಹುಡುಗರು. ಎಡಗಡೆ ಕೊನೆಯಲ್ಲಿ ನನ್ನಣ್ಣ ಕ್ಲಿಯೋಫಸ್. ಅವನು ಹೋಗಿ ಹನ್ನೊಂದು ವರ್ಷವಾಯಿತು. ಇನ್ನೊಬ್ಬ ಅವನಿಗಿಂತ ಮೊದಲೇ ಹೋದ. ಮತ್ತೊಬ್ಬ ಕ್ಯಾಲಿಫೋರ್ನಿಯಾದಲ್ಲಿ ಮಗಳ ಮನೆಯಲ್ಲಿದ್ದಾನೆ, ಅವನಿಗೆ ತನ್ನ ಹೆಸರೇ ನೆನಪಿಲ್ಲ. ಉಳಿದವನು ಲವಾನ್ ಒಬ್ಬನೇ.

"ಎಲ್ಲಾ ಹಾಡೂ ಚೆನ್ನಾಗಿದಾವೆ. ಆದ್ರೆ ಕೊನೇದು," ಎಂದು ಕಾರಿನ್ ತಲೆಯಾಡಿಸಿ, ರೆಕಾರ್ಡನ್ನು ಪ್ಲೇಯರಿಗೆ ಹಾಕಿ ಮುಳ್ಳನ್ನು ಕೊನೆಯ ಹಾಡಿನ ಮೇಲಿಟ್ಟಳು.

'ಬಸ್ಸು ತಡವಾಗಲಿ.' ಊರು ಬಿಟ್ಟು ಹೋಗುವವನು ಬಸ್ಸಿನಲ್ಲಿ ಕೂತು, ಬೀಳ್ಕೊಡಲು ಇನ್ನೂ ಬಂದಿರದ ಹುಡುಗಿಗಾಗಿ ಡ್ರೈವರನ್ನು ಬೇಡಿಕೊಳ್ಳುವ ಹಾಡು. ಹಿಂದೆ ಒಡೆಸ್ಸಾಳ ಹತ್ತಿರವೂ ಒಂದು ಪ್ರತಿ ಇತ್ತು. ಅವಳು ಅದನ್ನು ಹಾಕಿದಾಗಲೆಲ್ಲ ನಾನು ಏನಾದರೂ ನೆಪ ಹೇಳಿ ಎದ್ದುಹೋಗುತ್ತಿದ್ದೆ. ಎಂಬತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಆ ಪ್ರತಿ ಕಾರಿನ ಹಿಂದಿನ ಸೀಟಿನಲ್ಲಿ ಬಿಸಿಲಿಗೆ ಸಿಕ್ಕಿ ಹಪ್ಪಳದಂತೆ ಸೊಟ್ಟಗಾಯಿತು. ಈಗ ಅತಿಥಿಯ ಎದುರು ಎದ್ದುಹೋಗುವುದು ಹೇಗೆ? ಕೂತೆ. ಕೂತು ಇಡೀ ಹಾಡನ್ನು ಕೇಳಿದೆ. ಇಪ್ಪತ್ತೊಂದು ವರ್ಷದ ನಾನು ಹಾಡುತ್ತಿದ್ದೆ. ಚೆನ್ನಾಗಿ ಹಾಡುತ್ತಿದ್ದೆ. ಸಂಕೋಚಪಡದೆ ಹೇಳುತ್ತೇನೆ, ಬಹಳ ಚೆನ್ನಾಗಿ ಹಾಡುತ್ತಿದ್ದೆ.

"ಡ್ರೈವರಣ್ಣಾ, ಗಡಿಯಾರ ನೋಡಬೇಡ" ಎಂಬ ಸಾಲಾದ ಮೇಲೆ ಎಲ್ಲವೂ ನಿಲ್ಲುತ್ತದೆ. ಹಾಡು, ಗಿಟಾರು, ಡೋಲು, ಎಲ್ಲ. ಮೂರು ನಾಲ್ಕು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಆ ದನಿ ತುಸು ಅವಸರದಲ್ಲಿ ಮತ್ತೆ ಬರುತ್ತದೆ: "ಅವಳಿನ್ನೂ ಕೈ ಬೀಸಿಲ್ಲ."

ಒಡೆಸ್ಸಾ ಕಣ್ಣು ಮುಚ್ಚಿ ಗಂಡನ ಕೈ ಹಿಡಿದುಕೊಂಡಿದ್ದಳು. ಕೆನ್ನೆ ಒದ್ದೆಯಾಗಿತ್ತು.

"ಈ ಮೌನ ಇದೆಯಲ್ಲ, ಹಳೇ ರೆಕಾರ್ಡು ಕೂಡಿಡೋ ಜನ ಹುಚ್ಚಾಗಿರೋದೇ ಇದಕ್ಕೆ," ಎಂದಳು ಕಾರಿನ್. "ಜಪಾನಲ್ಲಿ ಒಬ್ರು ಇದರ ಮೇಲೇ ಹನ್ನೆರಡು ಪುಟ ಬರೆದಿದಾರೆ. ಟೀಗ್ ಅವರೇ, ಇದು ನಿಮಗೆ ಹೇಗೆ ಹೊಳೀತು?"

ಲವಾನ್ ಬಾಯಿ ಒರೆಸಿಕೊಂಡು, ಮೀಸೆ ಸವರಿಕೊಂಡ. "ಅದಾ? ಪ್ರೀತಿಸೋನಿಗೆ ಮಾತೇ ಹೊರಡದ ಒಂದು ಗಳಿಗೆ ಅಂತ ಇರುತ್ತಲ್ಲ ಮೇಡಂ. ಅದನ್ನ ಹಿಡೀಬೇಕು ಅಂತ ವಾರಗಟ್ಟಲೆ ತಲೆ ಕೆಡಿಸ್ಕೊಂಡಿದ್ದೆ."

"ಎಷ್ಟು ವಾರ ಲವಾನ್?" ಎಂದೆ ನಾನು.

"ಒಂದು ಮೂರು."

"ಮೂರೇನಾ? ನಾನು ನಾಲ್ಕು ಅಂದ್ಕೊಂಡಿದ್ದೆ ನೋಡು."

ಅವನು ನನ್ನ ಕಡೆ ನೋಡದೆ ಸೊಪ್ಪಿನ ಬಟ್ಟಲಿಗೆ ಕೈಹಾಕಿದ. ಕಾರಿನ್ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಹೊಸ ಆಲ್ಬಮ್ಮಿನ ಜೊತೆ ಒಂದು ಪುಸ್ತಿಕೆ ಬರುತ್ತದಂತೆ. ಯಾವ ಹಾಡಿಗೆ ಯಾರ ದನಿ ಎಂದು ಅದರಲ್ಲಿ ಒಂದೊಂದಾಗಿ ಅಚ್ಚಾಗುತ್ತದಂತೆ. ಶುಕ್ರವಾರ ಅಚ್ಚಿಗೆ ಹೋಗುತ್ತದೆ, ಅದಕ್ಕೆ ಮುಂಚೆ ಗುರುವಾರ ಮತ್ತೆ ಬಂದು ಟೀಗ್ ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳುತ್ತೇನೆ ಎಂದಳು. ನವೆಂಬರಿನಲ್ಲಿ ಊರ ನಡುವಿನ ಥಿಯೇಟರಿನಲ್ಲಿ ಬಿಡುಗಡೆ, ಅಲ್ಲಿ ಟೀಗ್ ಅವರು ಆ ಒಂದು ಹಾಡನ್ನಾದರೂ ಹಾಡಲೇಬೇಕು ಎಂದಳು. ಲವಾನ್‌ನ ಗಂಟಲಲ್ಲಿ ಜೋಳದ ಹಿಟ್ಟಿನ ಕಾರ್ನ್‌ಬ್ರೆಡ್ ಸಿಕ್ಕಿಕೊಂಡಿತು. ನಾನೇ ಎದ್ದು ನೀರು ಕೊಟ್ಟೆ.

ಇಷ್ಟು ದಿನ ಸುಳ್ಳು ಅವನ ಬಾಯಲ್ಲಿತ್ತು, ನಾನು ಸಹಿಸಿಕೊಂಡಿದ್ದೆ. ಇನ್ನು ಅಚ್ಚಾಗುತ್ತದೆ. ನಾನು ಸತ್ತ ಮೇಲೂ ಟೋಕಿಯೋದಲ್ಲಿ ಯಾರೋ ಒಬ್ಬರು ನನ್ನ ದನಿ ಕೇಳಿ "ಆಹಾ ಲವಾನ್ ಟೀಗ್" ಎನ್ನುತ್ತಾರೆ. ಅದು ನನಗೆ ಬೇಕಿರಲಿಲ್ಲ. ನನಗೆ ನನ್ನ ಹೆಸರು ಬೇಕಿತ್ತು.

ನಡೆದದ್ದು ಇಷ್ಟೆ. ಎಪ್ಪತ್ತಮೂರರಲ್ಲಿ, ಉಕ್ಕಿನ ಕಾರ್ಖಾನೆಗಳು ಮುಚ್ಚುವುದಕ್ಕೆ ನಾಲ್ಕು ವರ್ಷ ಮೊದಲು, ಹಿಲ್‌ಮನ್ ಬೀದಿಯ ನಾಲ್ಕು ಹುಡುಗರು ಪೀಠೋಪಕರಣ ಮಾರುವ ಒಬ್ಬನನ್ನು ಪುಸಲಾಯಿಸಿ ರೆಕಾರ್ಡು ಮಾಡಿಸಲು ಒಪ್ಪಿಸಿದರು. ಅವನು ಕ್ಲೀವ್‌ಲ್ಯಾಂಡಿನಲ್ಲಿ ಒಂದೇ ದಿನಕ್ಕೆ ಸ್ಟುಡಿಯೋ ಹಿಡಿದ. ಎಂಟು ಹಾಡು, ಒಂದು ದಿನ. ಅಣ್ಣನ ಕಾರು ಕೆಟ್ಟಿತ್ತು, ಅಪ್ಪನ ಕಾರು ನನ್ನ ಕೈಯಲ್ಲಿತ್ತು, ಹಾಗಾಗಿ ಅವರನ್ನು ಕರೆದೊಯ್ದವಳು ನಾನು. ಅವರ ತಾಲೀಮೆಲ್ಲ ಲವಾನ್‌ನ ಅಪ್ಪನ ಕ್ಷೌರದಂಗಡಿಯಲ್ಲಿ ನಡೆಯುತ್ತಿತ್ತು. ಅಣ್ಣನಿಗೆ ಬುತ್ತಿ ಕೊಡಲು ಹೋಗಿ ಹೋಗಿ ನನಗೆ ಎಂಟು ಹಾಡೂ ಬಾಯಿಪಾಠವಾಗಿದ್ದವು.

ಲವಾನ್ ತಂಡದ ಎತ್ತರದ ದನಿ. ಗಂಡಸು ಹೆಣ್ಣಿನ ಹಾಗೆ ಮೇಲೇರಿ ಹಾಡಿದರೆ ಆ ಕಾಲದ ಹುಡುಗಿಯರು ಮೂರ್ಛೆ ಹೋಗುತ್ತಿದ್ದರು. ಅವನು ನಿಜಕ್ಕೂ ಚೆನ್ನಾಗಿಯೇ ಹಾಡುತ್ತಿದ್ದ, ಸುಳ್ಳೇಕೆ ಹೇಳಲಿ. ಆದರೆ ಒಂದೇ ದಿನ ಏಳು ಹಾಡು ಅಷ್ಟು ಮೇಲೆ ಹಾಡಿದರೆ ಯಾರ ಗಂಟಲು ತಡೆದೀತು? ಎಂಟನೆಯದಕ್ಕೆ ಬಾಯಿ ತೆರೆದರೆ ಬರೀ ಗಾಳಿ ಬಂತು. ಸ್ಟುಡಿಯೋದವನು ಗಡಿಯಾರ ನೋಡತೊಡಗಿದ. ಕ್ಲಿಯೋಫಸ್ ನನ್ನ ಕಡೆ ತಿರುಗಿ, "ವರ್ಡೆಲ್, ಎದ್ದೇಳೇ. ನೀನು ಹಾಡು. ಯಾರಿಗೂ ಗೊತ್ತಾಗಲ್ಲ," ಎಂದ.

ಹಾಡಿದೆ. ಮೈಕಿನ ಮುಂದೆ ನಿಂತದ್ದು ಅದೇ ಮೊದಲು. ನಾನು ಹಾಡು ಕಲಿತದ್ದು ಮೌಂಟ್ ಪಿಸ್ಗಾ ಬ್ಯಾಪ್ಟಿಸ್ಟ್ ಚರ್ಚಿನ ಗಾಯನ ಮೇಳದಲ್ಲಿ. ನಮ್ಮ ಕಪ್ಪು ಜನರ ಚರ್ಚುಗಳಲ್ಲಿ ಹಾಡುವವರು ಒಂದು ಸಾಲು ಎತ್ತಿ ಹಾಡಿ ನಿಲ್ಲುತ್ತಾರೆ. ಜನ "ಹೌದು ಕರ್ತನೇ" ಎಂದು ಉತ್ತರ ಕೊಡುತ್ತಾರೆ. ಉತ್ತರ ಬರದೆ ಮುಂದಿನ ಸಾಲಿಗೆ ಹೋಗುವುದಿಲ್ಲ. ಐದು ವರ್ಷದವಳಿದ್ದಾಗಿನಿಂದ ನನಗೆ ಗೊತ್ತಿದ್ದ ಹಾಡುಗಾರಿಕೆ ಅದೊಂದೇ. "ಗಡಿಯಾರ ನೋಡಬೇಡ" ಎಂದು ಹಾಡಿ, ಕಣ್ಣು ಮುಚ್ಚಿಕೊಂಡು, ಉತ್ತರಕ್ಕೆ ಕಾದೆ. ವಾದ್ಯ ನುಡಿಸುವವರು ನನ್ನ ಮುಖ ನೋಡಿ ಅವರೂ ನಿಲ್ಲಿಸಿದರು. ಅದು ಚರ್ಚಲ್ಲ, ಅಲ್ಲಿ ಉತ್ತರ ಕೊಡುವವರು ಯಾರೂ ಇಲ್ಲ ಎಂದು ನನಗೆ ಹೊಳೆಯುವ ಹೊತ್ತಿಗೆ ನಾಲ್ಕು ಉಸಿರಾಗಿತ್ತು. ಗಾಬರಿಯಿಂದ ಮುಂದಿನ ಸಾಲು ಹಿಡಿದೆ. ಇನ್ನೊಮ್ಮೆ ಹಾಡಲು ಸಮಯವಿರಲಿಲ್ಲ. ಆ ತಪ್ಪು ಹಾಗೆಯೇ ಉಳಿಯಿತು. ಜಪಾನಿನವರು ಹನ್ನೆರಡು ಪುಟ ಬರೆದಿರುವುದು ಅದರ ಮೇಲೆ.

ಮುನ್ನೂರು ಪ್ರತಿ ಅಚ್ಚಾದವು, ನೂರು ಮಾರಾಟವಾದವು, ಉಳಿದವು ಪೀಠೋಪಕರಣದಂಗಡಿಯ ನೆಲಮಾಳಿಗೆಯಲ್ಲಿ ನೀರು ನುಗ್ಗಿ ಕೊಳೆತವು. ಕವರಿನ ಮೇಲೆ ಗಂಡಸಿನ ಹೆಸರಿದ್ದರೆ ಜನರ ಕಿವಿಗೆ ಗಂಡಸಿನ ದನಿಯೇ ಕೇಳುತ್ತದೆ. ಪತ್ತೆ ಹಚ್ಚಿದವರು ಒಬ್ಬರೇ, ನಮ್ಮಪ್ಪ. ಅವರು ಚರ್ಚಿನ ಹಿರಿಯರಲ್ಲೊಬ್ಬರು. ಕೂದಲು ಕತ್ತರಿಸಿಕೊಳ್ಳಲು ಹೋದಾಗ ಅಂಗಡಿಯಲ್ಲಿ ಆ ಹಾಡು ಬರುತ್ತಿತ್ತಂತೆ.

"ಆ ಹುಡುಗ ಹಾಡಿದಾನೆ ಅಂತ ನಾನೂ ನಂಬ್ಕೊಂಡು ಕೇಳ್ತಿದ್ದೆ," ಎಂದರು ಮನೆಗೆ ಬಂದು. "ಹಾಡು ಒಂದು ಕಡೆ ನಿಲ್ತು. ನನಗೆ ಗೊತ್ತಿಲ್ದೇನೇ 'ಹೌದು ಕರ್ತನೇ' ಅಂದ್ಬಿಟ್ಟೆ. ಅಂಗಡಿಯೋರೆಲ್ಲ ನನ್ನ ಮುಖ ನೋಡಿದ್ರು. ಹಾಗೆ ನಿಲ್ಸೋದು ಯಾರು ಅಂತ ನನಗೆ ಗೊತ್ತಿಲ್ವೇನಮ್ಮ?"

ಚರ್ಚಿನ ಆಗಿನ ನಿಯಮದ ಪ್ರಕಾರ ಲೋಕದ ಹಾಡು, ಅಂದರೆ ದೇವರದಲ್ಲದ ಹಾಡು, ಹಾಡಿದ ಮೇಳದವರು ಭಾನುವಾರ ಇಡೀ ಸಭೆಯ ಮುಂದೆ ಎದ್ದುನಿಂತು ಕ್ಷಮೆ ಕೇಳಬೇಕು. ಇಲ್ಲವಾದರೆ ಮೇಳ ಬಿಡಬೇಕು. ಚೆನ್ನಾಗಿ ಹಾಡಿದ್ದಕ್ಕೆ ನಾನು ಕ್ಷಮೆ ಕೇಳುವುದೇ? ಮೇಳ ಬಿಟ್ಟೆ. ಅಪ್ಪ ಮರ್ಯಾದೆಗೆ ಅಂಜಿ ಕಾರಣವನ್ನು ಯಾರಿಗೂ ಹೇಳಲಿಲ್ಲ. ಆ ಚರ್ಚು ನನ್ನ ಕ್ಷಮೆ ಕೇಳುವವರೆಗೂ ಅಲ್ಲಿ ಬಾಯಿ ತೆರೆಯುವುದಿಲ್ಲ ಎಂದು ನನಗೆ ನಾನೇ ಆಣೆ ಇಟ್ಟುಕೊಂಡು, ಬಾಗಿಲ ಸೇವೆಗೆ ಸೇರಿದೆ. ಬಿಳಿ ಉಡುಪು, ಬಿಳಿ ಕೈಗವಸು, ಬಂದವರಿಗೆ ಜಾಗ ತೋರಿಸುವ ಕೆಲಸ. ಆ ಸೇವೆಯಲ್ಲಿ ಮಾತಿಲ್ಲ, ಎಲ್ಲ ಕೈಸನ್ನೆ. ಎರಡು ಬೆರಳೆತ್ತಿದರೆ ಎರಡು ಜಾಗವಿದೆ ಎಂದು. ಅಂಗೈಯನ್ನು ಎದೆಗೊತ್ತಿದರೆ ಜಾಗವಿಲ್ಲ, ಅಲ್ಲೇ ನಿಲ್ಲು ಎಂದು. ಈಗ ಇಪ್ಪತ್ತು ವರ್ಷದಿಂದ ಆ ಸೇವೆಯ ಮುಖ್ಯಸ್ಥೆ ನಾನೇ. ಮದುವೆಯಾಗಲಿಲ್ಲ. ಕೇಳಿದವರಿದ್ದರು, ಒಪ್ಪುವಷ್ಟು ಚೆನ್ನಾಗಿ ಕೇಳಿದವರಿರಲಿಲ್ಲ.

ಎಪ್ಪತ್ತೈದರಲ್ಲಿ ಒಡೆಸ್ಸಾ ಅಲಬಾಮಾದಿಂದ ಚಿಕ್ಕಮ್ಮನ ಮನೆಗೆ ಬೇಸಿಗೆ ಕಳೆಯಲು ಬಂದಳು. ಚಿಕ್ಕಮ್ಮನ ಮನೆಯಲ್ಲಿ ಆ ರೆಕಾರ್ಡಿತ್ತು. ಬೇಸಿಗೆಯೆಲ್ಲ ಆ ಒಂದೇ ಹಾಡು ಹಾಕಿಕೊಂಡು ಕೂತಳಂತೆ. ಹಾಡಿದ ಹುಡುಗ ಮೂರು ಬೀದಿಯಾಚೆ ಕೂದಲು ಕತ್ತರಿಸುತ್ತಾನೆ ಎಂದು ಚಿಕ್ಕಮ್ಮ ಹೇಳಿದರು. ಅವಳು ನೆಟ್ಟಗೆ ಅಂಗಡಿಗೆ ಹೋಗಿ "ಬಸ್ಸಿನ ಹಾಡು ನಿಮ್ಮದಾ?" ಎಂದು ಕೇಳಿದಳು. ಅಂಥ ಚೆಂದದ ಹುಡುಗಿ ಹಾಗೆ ಕೇಳಿದರೆ ಲವಾನ್ ಅಲ್ಲ ಎನ್ನುತ್ತಾನೆಯೇ? ಮದುವೆಯಾಗಿ ಮೌಂಟ್ ಪಿಸ್ಗಾಕ್ಕೆ ಬಂದ ಮೊದಲ ಭಾನುವಾರ ಅವಳಿಗೆ ಜಾಗ ತೋರಿಸಿದವಳು ನಾನು. ಎರಡನೆಯ ಭಾನುವಾರಕ್ಕೆ ಗೆಳತಿಯರಾಗಿದ್ದೆವು. ಮೂರನೆಯದಕ್ಕೆ ಈ ಕತೆಯನ್ನು ನನಗೆ ಕಣ್ಣರಳಿಸಿಕೊಂಡು ಹೇಳಿದಳು. ಹೊಸ ಮದುಮಗಳಿಗೆ ನಾನು ಏನು ಹೇಳಲಿ? ಬಾಯಿಗೆ ಬೀಗ ಹಾಕಿಕೊಂಡೆ. ಬೀಗ ಅಲ್ಲಿಯೇ ತುಕ್ಕು ಹಿಡಿಯಿತು.

ಮಂಗಳವಾರ ಲವಾನ್ ಚರ್ಚಿನ ನೆಲಮಾಳಿಗೆಗೆ ನನ್ನನ್ನು ಹುಡುಕಿಕೊಂಡು ಬಂದ. ನಾನು ಇಪ್ಪತ್ತನಾಲ್ಕು ಜೊತೆ ಕೈಗವಸುಗಳನ್ನು ಸೋಪಿನ ನೀರಿನಲ್ಲಿ ಹಾಕಿ ಉಜ್ಜುತ್ತಿದ್ದೆ. ಅವನು ಹ್ಯಾಟು ಕೈಯಲ್ಲಿ ಹಿಡಿದುಕೊಂಡು ನಿಂತ.

"ಏನು? ಕೈಗವಸು ಒಗೆಯೋಕೆ ಬಂದ್ಯಾ?" ಎಂದೆ.

"ವರ್ಡೆಲ್, ನವೆಂಬರ್‌ದು ಒಂದು ಉಪಾಯ ಮಾಡಿದೀನಿ. ಥಿಯೇಟರಲ್ಲಿ ದೊಡ್ಡ ಪರದೆ ಇದೆ. ನೀನು ಅದರ ಹಿಂದೆ ಒಂದು ಕುರ್ಚಿ ಹಾಕ್ಕೊಂಡು ಕೂತ್ಕೊ. ನಾನು ಮುಂದೆ ನಿಂತು ಬಾಯಿ ಆಡಿಸ್ತೀನಿ."

ನಾನು ನಕ್ಕ ನಗುವಿಗೆ ಕೈಯಲ್ಲಿದ್ದ ಗವಸು ನೀರಿಗೆ ಬಿತ್ತು. ಅರವತ್ತೇಳು ವರ್ಷದ ಮುದುಕಿ ಪರದೆಯ ಹಿಂದೆ, ಎಪ್ಪತ್ತು ವರ್ಷದ ಮುದುಕ ಪರದೆಯ ಮುಂದೆ.

"ನಗಬೇಡ ಮಹರಾಯ್ತಿ. ಒಂದ್ಸಲ ಮಾಡಿದೀಯಲ್ಲ, ಇನ್ನೊಂದ್ಸಲ ಮಾಡು. ಅಂದ ಹಾಗೆ ನಿನ್ನ ಗಂಟಲು ಇನ್ನೂ ಇದೆಯಾ?"

"ನನ್ನ ಗಂಟಲಿನ ಚಿಂತೆ ನಿನಗ್ಯಾಕೆ? ದಿನಾ ಬೆಳಿಗ್ಗೆ ಮನೇಲಿ ಹಾಡ್ತೀನಿ. ಕೆಳಗೆ ಇಳಿದಿದೆ, ಆದ್ರೆ ಹಿಂದಿಗಿಂತ ದಪ್ಪ ಆಗಿದೆ. ಲವಾನ್, ಈಗ ಸರಿಯಾಗಿ ಕೇಳಿಸ್ಕೊ. ಪರದೆ ಹಿಂದೆ ನಾನು ಬರಲ್ಲ. ಗುರುವಾರದೊಳಗೆ ಒಡೆಸ್ಸಾಗೆ ನೀನೇ ಹೇಳು. ಇಲ್ಲಾಂದ್ರೆ ಗುರುವಾರ ಆ ಕಾರಿನ್ ಮೇಡಂ ಮುಂದೆ ನಾನು ಹೇಳ್ತೀನಿ."

ಅವನು ಮಡಚುವ ಕುರ್ಚಿಯೊಂದರ ಮೇಲೆ ಕುಸಿದು ಕೂತ. "ಏಳು ಹಾಡು ನಾನೇ ಹಾಡಿದೀನಿ ಕಣೆ."

"ಹೌದು. ಅವಳು ಮದುವೆಯಾಗಿದ್ದು ಎಂಟನೇದನ್ನ."

ಮಾತು ಬಾಯಿಂದ ಬಿದ್ದ ಮೇಲೆ ಸ್ವಲ್ಪ ಹೆಚ್ಚಾಯಿತು ಎನಿಸಿತು. ಅವನ ಮುಖ ಸಣ್ಣಗಾಗಿತ್ತು.

"ನಲವತ್ನಾಲ್ಕು ವರ್ಷ ಆಯ್ತು. ಈಗ ಹೇಗೆ ಹೇಳ್ಲಿ?"

"ಬಾಯಲ್ಲಿ," ಎಂದು ಹೇಳಿ ಗವಸು ಹಿಂಡತೊಡಗಿದೆ. ಅವನ ಮೇಲೆ ಕನಿಕರ ಬಂದಿತ್ತು, ತೋರಿಸಲಿಲ್ಲ.

ಗುರುವಾರ ಮಧ್ಯಾಹ್ನ ಒಡೆಸ್ಸಾ ನನ್ನನ್ನೂ ಕರೆದಿದ್ದಳು. ಒಳಗೆ ಕಾಲಿಡುತ್ತಲೇ ಗೊತ್ತಾಯಿತು, ಲವಾನ್ ಹೇಳಿಲ್ಲ ಎಂದು. ಭಾನುವಾರದ ಸೂಟು ಹಾಕಿಕೊಂಡು, ಬೆವರಿಕೊಂಡು ಕೂತಿದ್ದ. ಕಾರಿನ್ ಮೇಜಿನ ಮೇಲೆ ಪುಟ್ಟ ಯಂತ್ರವಿಟ್ಟು ಗುಂಡಿ ಒತ್ತಿದಳು. ಒಂದೊಂದು ಹಾಡಿನ ಬಗ್ಗೆಯೂ ಕೇಳಿದಳು. ಏಳರವರೆಗೂ ಲವಾನ್ ಲೀಲಾಜಾಲವಾಗಿ ಮಾತಾಡಿದ.

"ಈಗ ಕೊನೇದು. ಪೂರ್ತಿ ಹಾಡೋದು ಬೇಡ. ಆ ಒಂದು ಸಾಲು, ಆ ಮೌನ, ಅದರ ಮುಂದಿನ ಸಾಲು. ಮೆಲ್ಲಗೆ ಹೇಳಿದ್ರೂ ಸಾಕು," ಎಂದಳು ಕಾರಿನ್.

ಲವಾನ್ ಕೆಳಗಿನ ಶ್ರುತಿಯಲ್ಲಿ "ಡ್ರೈವರಣ್ಣಾ, ಗಡಿಯಾರ ನೋಡಬೇಡ" ಎಂದು ಹಾಡಿ ನಿಂತ. ಮೇಜಿನ ಕೆಳಗೆ ಅವನ ಬೂಟು ನಾಲ್ಕು ಸಲ ನೆಲ ತಟ್ಟಿತು. ಐದಕ್ಕೆ ಸರಿಯಾಗಿ ಮುಂದಿನ ಸಾಲು ಬಂತು. ಸೈನಿಕರ ಕವಾಯತಿನ ಹಾಗಿತ್ತು. ಕಾರಿನ್ ಸೌಜನ್ಯದಿಂದ ಇನ್ನೊಮ್ಮೆ ಎಂದಳು. ಮತ್ತೆ ನಾಲ್ಕು ಸಲ ಬೂಟು, ಮತ್ತೆ ಐದಕ್ಕೆ ಹಾಡು.

"ಏನು ಎಣಿಸ್ತಿದೀಯ ಲವಾನ್?"

ಒಡೆಸ್ಸಾ ಕಾಫಿಯ ಪಾತ್ರೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಎಣಿಸದೆ ಹೇಗೆ? ತಾಳ ಬೇಕಲ್ಲ," ಎಂದ ಲವಾನ್.

"ಆ ರೆಕಾರ್ಡಲ್ಲಿ ಎಣಿಸಿಲ್ಲ. ಈ ಮೇಡಂ ಬಿಟ್ಟುಹೋದ ಪ್ರತೀನ ಭಾನುವಾರದಿಂದ ಹಾಕ್ಕೊಂಡು ಕೇಳ್ತಿದೀನಿ. ಇಪ್ಪತ್ತು ವರ್ಷದ ಹುಡುಗಿ ಇದ್ದಾಗ ನನಗೆ ಬರೀ ಪ್ರೀತಿ ಕೇಳಿಸ್ತಿತ್ತು. ಈಗ ಕಿವಿಗೂ ವಯಸ್ಸಾಗಿದೆ ನೋಡು, ಬೇರೆ ಕೇಳಿಸ್ತು. ಅಲ್ಲಿ ಹಾಡ್ತಿರೋರು ಎಣಿಸ್ತಿಲ್ಲ, ಕಾಯ್ತಿದಾರೆ. ನಮ್ಮ ಅಲಬಾಮಾದ ಚರ್ಚಲ್ಲಿ ಸಾಲು ಹೇಳಿ ಜನರ ಉತ್ತರಕ್ಕೆ ಕಾಯ್ತಾರಲ್ಲ, ಥೇಟ್ ಹಾಗೆ. ಎಳೇತನದಿಂದ ಅದರಲ್ಲೇ ಬೆಳೆದೋರಿಗೆ ಮಾತ್ರ ಅದು ಬರೋದು. ನೀನು ನನ್ನ ಮದುವೆಯಾಗೋವರೆಗೂ ಚರ್ಚಿನ ಮೆಟ್ಟಿಲು ಹತ್ತಿದೋನಲ್ಲ. ಭಾನುವಾರ ಬಂದ್ರೆ ನಿಮ್ಮಪ್ಪನ ಜೊತೆ ಮೀನು ಹಿಡಿಯೋಕೆ ಹೋಗ್ತಿದ್ದೆ. ಯಾರ ಉತ್ತರಕ್ಕೆ ಕಾಯ್ತಿದ್ದೆ, ಮೀನಿಂದಾ?"

ಲವಾನ್ ನನ್ನ ಕಡೆ ನೋಡಿದ. ಕಣ್ಣಲ್ಲೇ ಬೇಡಿಕೊಂಡ. ನಾನು ಅಂಗೈ ಎತ್ತಿ ಎದೆಗೊತ್ತಿಕೊಂಡೆ. ಜಾಗವಿಲ್ಲ, ಅಲ್ಲೇ ನಿಲ್ಲು. ನಲವತ್ತು ವರ್ಷ ನಮ್ಮ ಚರ್ಚಿಗೆ ಬಂದವನಿಗೆ ಆ ಸನ್ನೆ ಅರ್ಥವಾಗದೆ ಇರುತ್ತದೆಯೇ.

ಅವನು ಎದ್ದುನಿಂತ. "ಆ ಒಂದು ಹಾಡು ನಾನಲ್ಲ, ಒಡೆಸ್ಸಾ. ನನ್ನ ಗಂಟಲು ಹೋಗಿತ್ತು. ಹಾಡಿದ್ದು ವರ್ಡೆಲ್."

ಅವನಿಗೆ ಸಲ್ಲಬೇಕಾದ್ದನ್ನು ಸಲ್ಲಿಸುತ್ತೇನೆ. ಒಮ್ಮೆ ಬಾಯಿ ಬಿಟ್ಟ ಮೇಲೆ ಎಲ್ಲವನ್ನೂ ನೆಟ್ಟಗೆ ಹೇಳಿದ, ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಲಿಲ್ಲ. ಒಡೆಸ್ಸಾ ಕಾಫಿ ಪಾತ್ರೆಯನ್ನು ಮೇಜಿನ ಮೇಲೆ ಮೆತ್ತಗೆ ಇಟ್ಟು, ನಮ್ಮಿಬ್ಬರನ್ನೂ ಒಂದು ಸಲ ನೋಡಿ, ಒಳಗೆ ಹೋದಳು.

ಕಾರಿನ್ ನನ್ನತ್ತ ತಿರುಗಿದಳು. "ನಿಜಾನಾ?"

"ನಿಜ. ಹೆಸರು ವರ್ಡೆಲ್ ಪ್ರೂಯಿಟ್. ಸ್ವಲ್ಪ ದೊಡ್ಡ ಅಕ್ಷರದಲ್ಲೇ ಹಾಕಿ."

ಅವಳು ಬರೆದುಕೊಂಡಳು. ಹೆಸರಿನ ಕೆಳಗೆ ಎರಡು ಗೆರೆ ಎಳೆದದ್ದನ್ನು ನೋಡಿ ನನಗೆ ಹಿಗ್ಗೋ ಹಿಗ್ಗು. ನಾಳೆ ಅಚ್ಚಿಗೆ ಹೋಗುತ್ತದೆ. ನನ್ನ ದನಿಗೆ ನನ್ನ ಹೆಸರು. ಎದೆ ಉಬ್ಬಿಸಿಕೊಂಡೇ ಅಡುಗೆಮನೆಗೆ ಹೋದೆ. ಒಡೆಸ್ಸಾ ಗಂಡನ ಸುಳ್ಳಿಗೆ ಅಳುತ್ತಿರುತ್ತಾಳೆ, ಬೆನ್ನು ಸವರಿ ಸಮಾಧಾನ ಮಾಡೋಣ ಎಂದುಕೊಂಡಿದ್ದೆ.

ಅವಳು ಅಳುತ್ತಿರಲಿಲ್ಲ. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು.

"ಹೆಸರು ಬರೆಸ್ಕೊಂಡ್ಯಾ?"

"ಬರೆಸ್ಕೊಂಡೆ."

"ಒಳ್ಳೇದಾಯ್ತು. ನಿಂದು ನಿನಗೆ ಸೇರಬೇಕು."

"ಒಡೆಸ್ಸಾ, ಲವಾನ್ ಮೇಲೆ ಕೋಪ..."

"ಅವನ ವಿಚಾರ ಬಿಡು. ಅವನಿಗೆ ಕ್ರಿಸ್‌ಮಸ್‌ವರೆಗೂ ಕರಿದ ಕೋಳಿ ಇಲ್ಲ, ಅಲ್ಲಿಗೆ ಮುಗೀತು. ಆ ದನಿ ಕೇಳಿ ಅವನಂಗಡಿ ಬಾಗಿಲಿಗೆ ಹೋದೆ, ನಿಜ. ಅಲ್ಲೇ ಉಳ್ಕೊಂಡಿದ್ದು ಅವನನ್ನ ನೋಡಿ. ಅದು ನಂದು ಅವಂದು. ನಿನ್ನ ವಿಚಾರ ಹೇಳು ಈಗ. ತೊಂಬತ್ತೆಂಟರ ಜನವರಿ ಜ್ಞಾಪಕ ಇದೆಯಾ?"

ಜ್ಞಾಪಕವಿತ್ತು. ಅವಳಮ್ಮ ಲುವೀನಿಯಾ ಬ್ಯಾಟಲ್ ತೀರಿಕೊಂಡ ತಿಂಗಳು ಅದು. ಕೊನೆಯ ಐದು ವರ್ಷ ಅವರು ಇದೇ ಮನೆಯಲ್ಲಿ ಮಗಳ ಜೊತೆಗಿದ್ದರು.

"ಅಮ್ಮನ್ನ ಮಣ್ಣು ಮಾಡೋ ದಿನ ಮೊಣಕಾಲುದ್ದ ಹಿಮ ಬಿದ್ದಿತ್ತು. ಹಾಡಬೇಕಾದೋರು ಬರಲಿಲ್ಲ. ಪಾಸ್ಟರ್ ಕೇಳಿದ್ರು, ಯಾರಾದ್ರೂ ಒಂದು ಹಾಡು ಎತ್ಕೋತೀರಾ ಅಂತ. ಬಂದಿದ್ದೋರು ಇಪ್ಪತ್ತು ಜನ. ಯಾರೂ ಏಳಲಿಲ್ಲ. ನಾನು ತಿರುಗಿ ತಿರುಗಿ ಎಲ್ಲರ ಮುಖ ನೋಡಿದೆ. ಹಾಡು ಅಂದ್ರೆ ಜೀವ ಬಿಡ್ತಿದ್ದ ನಮ್ಮಮ್ಮ ಒಂದು ಹಾಡೂ ಇಲ್ದೆ ಮಣ್ಣಿಗೆ ಹೋದ್ಲು, ವರ್ಡೆಲ್. ನೀನು ಬಾಗಿಲಲ್ಲಿ ಬಿಳಿ ಕೈಗವಸು ಹಾಕ್ಕೊಂಡು ನಿಂತಿದ್ದೆ. ನಿನ್ನ ಮುಖಾನೂ ನೋಡಿದ್ದೆ."

"ನಾನು ಆಣೆ ಇಟ್ಟಿದ್ದೆ ಕಣೆ. ಆ ಚರ್ಚು ನನ್ನ ಕ್ಷಮೆ ಕೇಳೋವರೆಗೂ ಅಲ್ಲಿ ಹಾಡಲ್ಲ ಅಂತ."

"ಯಾವ ಚರ್ಚು? ಆ ಪೆಟ್ಟಿಗೇಲಿ ಮಲಗಿದ್ದು ಚರ್ಚಾ? ನಮ್ಮಮ್ಮ ಮಲಗಿದ್ದು."

ಅಂದು ಬಾಗಿಲಲ್ಲಿ ನಿಂತು ನಾನೇನು ಯೋಚಿಸಿದೆ ಎಂಬುದೂ ನೆನಪಿತ್ತು. ಹಾಡು ನಾಲಿಗೆಯ ತುದಿಗೆ ಬಂದಿತ್ತು. ಈಗ ಬಾಯಿ ತೆರೆದರೆ ಇಪ್ಪತ್ತೈದು ವರ್ಷದ ಹಟ ಸೋತ ಹಾಗೆ ಎಂದುಕೊಂಡು ನುಂಗಿದ್ದೆ. ಲವಾನ್ ಹೆಂಡತಿಯನ್ನು ಕಳೆದುಕೊಳ್ಳುವ ಭಯಕ್ಕೆ ಸುಳ್ಳು ಹೇಳಿದ. ನಾನು ಬರೀ ಜಂಬಕ್ಕೆ ಸುಮ್ಮನಿದ್ದೆ. ಒಡೆಸ್ಸಾ ತಟ್ಟೆಯನ್ನು ಜೋಡಿಸಿಟ್ಟು ಬೇರೊಂದನ್ನು ಎತ್ತಿಕೊಂಡಳು. ನಾನು ಕೋಟು ತೆಗೆದುಕೊಂಡು ಮನೆಗೆ ಬಂದೆ.

ಶುಕ್ರವಾರ ಪುಸ್ತಿಕೆ ಅಚ್ಚಿಗೆ ಹೋಯಿತೆಂದು ಕಾರಿನ್ ಫೋನು ಮಾಡಿ ಹೇಳಿದಳು. ನವೆಂಬರಿನಲ್ಲಿ ಲವಾನ್ ತನ್ನ ಏಳರಲ್ಲಿ ಎರಡನ್ನು ಹಾಡುತ್ತಾನಂತೆ, ಕೊನೆಯದನ್ನು ನಾನು ಹಾಡಬೇಕಂತೆ. ಆಗಲಿ ಎಂದೆ. ಅವಳು ಬಹಳ ಹೊತ್ತು ಮಾತಾಡಿದಳು, ನಾನು ಹ್ಞೂಗುಟ್ಟಿದೆ. ಬೇಕಾಗಿದ್ದದ್ದು ಕೈಗೆ ಬಂದಿತ್ತು, ಆದರೂ ಊಟ ಸೇರಲಿಲ್ಲ. ಸಂಜೆ ಒಡೆಸ್ಸಾಗೆ ಫೋನು ಮಾಡಿದೆ.

"ನಾಳೆ ಹತ್ತು ಗಂಟೆಗೆ ಬರ್ತೀನಿ. ದಪ್ಪ ಕೋಟು ಹಾಕ್ಕೊಂಡು ಸಿದ್ಧವಾಗಿರು," ಎಂದೆ.

"ಎಲ್ಲಿಗೆ?"

"ನಿಮ್ಮಮ್ಮನ ಹತ್ರ."

ಅವಳು ಫೋನನ್ನು ಇಡಲಿಲ್ಲ. ಕೊನೆಗೆ ನಾನೇ ಇಟ್ಟೆ.

ಶನಿವಾರ ಅವಳು ಹ್ಯಾಟು ಹಾಕಿಕೊಂಡು ಮೆಟ್ಟಿಲ ಮೇಲೆಯೇ ನಿಂತಿದ್ದಳು. ಲವಾನ್ ಕರೆಯದಿದ್ದರೂ ಬಂದು ಹಿಂದಿನ ಸೀಟಿನಲ್ಲಿ ಕೂತ. ಸ್ಮಶಾನದಲ್ಲಿ ಮೇಪಲ್ ಮರಗಳ ಎಲೆಯೆಲ್ಲ ಉದುರಿ ಹಾದಿ ಜಾರುತ್ತಿತ್ತು. ಲವಾನ್ ಒಂದು ಕಡೆ ನನ್ನ ತೋಳು, ಇನ್ನೊಂದು ಕಡೆ ಹೆಂಡತಿಯ ತೋಳು ಹಿಡಿದು ನಡೆಸಿದ. ಅವಳು ಬಿಡಿಸಿಕೊಳ್ಳಲಿಲ್ಲ.

ಕ್ಷಮೆ ಕೇಳುವುದು ನನಗೆ ಬರುವುದಿಲ್ಲ, ಕಲಿಯಲೇ ಇಲ್ಲ. ರಾತ್ರಿಯೆಲ್ಲ ಮಾತು ಜೋಡಿಸಿ ನೋಡಿದ್ದೆ, ಒಂದೂ ಸರಿಹೋಗಿರಲಿಲ್ಲ. ಆದರೆ ಹಾಡುವುದು ಬರುತ್ತದೆ. ಅವಳಮ್ಮ ಪಾತ್ರೆ ತೊಳೆಯುತ್ತ ಗುನುಗುತ್ತಿದ್ದ ನದಿಯ ಹಾಡೊಂದಿತ್ತು, ಅದನ್ನು ಬೆಳಿಗ್ಗೆ ಮೂರು ಸಲ ಹಾಡಿಕೊಂಡು ಬಂದಿದ್ದೆ. ಕೈಚೀಲವನ್ನು ಲವಾನ್‌ಗೆ ಕೊಟ್ಟು, ಗಂಟಲು ಸರಿಮಾಡಿಕೊಂಡೆ.

"ತಡಿ," ಎಂದಳು ಒಡೆಸ್ಸಾ.

ಅವಳು ಮಂಡಿಯ ಮೇಲೆ ಕೈಯೂರಿ ಬಗ್ಗಿ, ಗೋರಿಕಲ್ಲಿಗೆ ಅಂಟಿದ್ದ ಒದ್ದೆ ಎಲೆಗಳನ್ನು ಒಂದೊಂದಾಗಿ ತೆಗೆದಳು. ತಾಯಿಯ ಹೆಸರು ಪೂರ್ತಿ ಕಾಣುವವರೆಗೂ ತೆಗೆದಳು. ಆಮೇಲೆ ಮನೆಗೆ ಬಂದ ಅತಿಥಿಯನ್ನು ಹಿರಿಯರಿಗೆ ಪರಿಚಯಿಸುವಂತೆ ನನ್ನ ಬೆನ್ನಿಗೆ ಕೈಯಿಟ್ಟು ನನ್ನನ್ನು ಒಂದು ಹೆಜ್ಜೆ ಮುಂದೆ ತಂದಳು.

"ಅಮ್ಮಾ, ಹಾಡೋರು ಸಿಕ್ಕಿದ್ರು," ಎಂದಳು. "ವರ್ಡೆಲ್ ಪ್ರೂಯಿಟ್ ಅಂತ ಇವಳ ಹೆಸರು."